ಒಂದು ಓಟು, ಒಂದು ನೋಟು

ಈ ಸಂಚಿಕೆಗೆ ಜಾಹೀರಾತು ಕೂಡಿಸಲೆಂದು ನಾವು ಮುಂಬಯಿಯ ಎಷ್ಟೋ ಅಂಗಡಿಗಳ ಮೆಟ್ಟಿಲು ಹತ್ತಿಳಿದೆವು. “ಯಾವ ಪುಟದಲ್ಲಿ ಹಾಕುತ್ತೀರಿ?” ಎಂದು ಕೇಳದೆ ಹಣ ಕೊಟ್ಟವರು ವಿರಳ. ತಪ್ಪೇನೂ ಅಲ್ಲ, ಕೊಟ್ಟವನು ಏನನ್ನಾದರೂ ಬಯಸುವುದು ಸಹಜ. ಬ್ಯಾಂಕಿನಲ್ಲಿ ದಿನವಿಡೀ ಜಮಾ-ಖರ್ಚು ಬರೆಯುವ ನಮಗೆ ಆಗ ಮಲೆನಾಡಿನ ಒಂದು ಚುನಾವಣೆಯ ವಂತಿಗೆ ನೆನಪಿಗೆ ಬಂತು.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಹುಟ್ಟಿದ್ದು ಗೇಣಿಯ ಭತ್ತ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ದೊಡ್ಡದಾದಷ್ಟೂ ರೈತನ ಕಣದಲ್ಲಿ ಉಳಿಯುವುದು ಕಡಿಮೆ. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಆ ಹೋರಾಟಕ್ಕೆ ಹೆಗಲು ಕೊಟ್ಟರು, ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಮರುವರ್ಷ ಮೈಸೂರು ವಿಧಾನಸಭೆಯ ಚುನಾವಣೆ. ಗೌಡರು ಸಾಗರ-ಹೊಸನಗರದಿಂದ ನಿಂತರು. ಎದುರಿಗೆ ಕಾಂಗ್ರೆಸ್ಸು, ಇವರ ಕೈಯಲ್ಲಿ ಕಾಸಿಲ್ಲ. ಜನರಲ್ಲಿ ಬೇಡಿದ್ದು ಎರಡನ್ನೇ: ಒಂದು ಓಟು, ಒಂದು ನೋಟು. ನೋಟೆಂದರೆ ಒಂದು ರೂಪಾಯಿಯದು.

ವಾಚಕರು ಇದನ್ನು ಬರಿಯ ಪ್ರಾಸವೆಂದು ತಿಳಿಯಬಾರದು. ಗೇಣಿ ಅಳೆದು ಉಳಿದುದರಲ್ಲಿ ವರ್ಷ ಕಳೆಯುವವನಿಗೆ ಅಂದಿನ ರೂಪಾಯಿ ಸಣ್ಣದಲ್ಲ. ನಮ್ಮ ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಅಭ್ಯರ್ಥಿಯು ಊರೂರಿನವರಿಗೆಲ್ಲ ಋಣಿಯಾದ, ಆದರೆ ಒಬ್ಬೊಬ್ಬರಿಗೆ ಒಂದೊಂದೇ ರೂಪಾಯಿಯಷ್ಟು. ಯಾವನೊಬ್ಬನೂ ಬಂದು ‘ನನ್ನ ಪುಟ ಯಾವುದು?’ ಎನ್ನುವಂತಿಲ್ಲ, ಎಲ್ಲರೂ ಕೂಡಿ ಕೇಳಿದರೆ ಇವನು ಉತ್ತರ ಕೊಡದೆ ಇರುವಂತಿಲ್ಲ. ಗೌಡರು ಗೆದ್ದರು.

ದೊಡ್ಡ ಹಣದ ದಾರಿಯೇ ಬೇರೆ. 1957ರಲ್ಲಿ ಅದು ನಮ್ಮ ಈ ಊರಿನ ಹೈಕೋರ್ಟಿಗೇ ಬಂತು. ರಾಜಕೀಯ ಪಕ್ಷಗಳಿಗೆ ಹಣ ಕೊಡಲು ಅನುವಾಗುವಂತೆ ಟಾಟಾ ಐರನ್ ಎಂಡ್ ಸ್ಟೀಲ್ ಕಂಪನಿಯು ತನ್ನ ಮೆಮೊರಾಂಡಂ ತಿದ್ದಲು ಹೊರಟಿತ್ತು. ಮುಖ್ಯ ನ್ಯಾಯಾಧೀಶ ಚಾಗ್ಲಾ ಅವರು ಕಾನೂನು ಅಡ್ಡಿಮಾಡದೆಂದು ಒಪ್ಪಿದರು. ಆದರೆ ಇದರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿದೆಯೆಂದು ಎಚ್ಚರಿಸಿದರು. ಕಂಪನಿಗಳ ದೇಣಿಗೆಗೆ 1969ರಲ್ಲಿ ನಿಷೇಧ, 1985ರಲ್ಲಿ ಮತ್ತೆ ಅನುಮತಿ. 2018ರಿಂದ ಚುನಾವಣಾ ಬಾಂಡುಗಳು ನಡೆದವು: ಕೊಂಡವನ ಹೆಸರು ಬ್ಯಾಂಕಿಗೆ ಗೊತ್ತು, ಓಟು ಹಾಕುವವನಿಗೆ ಗೊತ್ತಿಲ್ಲ. ಸುಪ್ರೀಂ ಕೋರ್ಟು ಅವನ್ನು 2024ರ ಫೆಬ್ರವರಿ 15ರಂದು ರದ್ದುಮಾಡಿತು. ಕರ್ನಾಟಕದಲ್ಲಿ 2023ರ ವಿಧಾನಸಭಾ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತಾಯಿತೆಂದು ನಮ್ಮ ಅಭಿಪ್ರಾಯ.

ಒಂದು ರೂಪಾಯಿಯ ನೋಟು ಪ್ರತಿ ಸಲವೂ ಗೆಲ್ಲಿಸಿತೆಂದಲ್ಲ. ಗೌಡರು 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಗೇಣಿದಾರನಿಗೆ ಉಳುವ ಭೂಮಿಯ ಒಡೆತನ ಕೊಟ್ಟ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಗೌಡರು 1972ರ ಜೂನಿನಲ್ಲೇ ತೀರಿಕೊಂಡಿದ್ದರು.