ಹಳೆಯ ಮನೆ, ಹೊಸ ಚಾವಣಿ: ಹಾಸನ ಸೀಮೆಯಲ್ಲಿ ಕಟ್ಟಡ ಪರವಾನಗಿಯ ಗಡಿಗಳು

ಖಾಲಿ ನಿವೇಶನದಲ್ಲಿ ಮನೆ ಕಟ್ಟಲು ಲೈಸೆನ್ಸ್ ಬೇಕೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ತೊಡಕು ಬರುವುದು ಹಳೆಯ ಮನೆಗೆ ಕೈ ಹಚ್ಚಿದಾಗ. ಹಂಚು ಇಳಿಸಿ ಆರ್‌ಸಿಸಿ ಹಾಕಿಸುವುದು, ಮೇಲೊಂದು ಅಂತಸ್ತು ಎತ್ತುವುದು, ಬೀದಿ ಕಡೆಯ ಕೋಣೆಯನ್ನು ಮಳಿಗೆ ಮಾಡುವುದು ರಿಪೇರಿಯೋ, ನಿರ್ಮಾಣವೋ? ಕೆಲಸ ಎಷ್ಟು ದೊಡ್ಡದು ಎಂಬುದಕ್ಕಿಂತ ಮನೆ ಯಾವ ಕಾಯ್ದೆಯ ಎಲ್ಲೆಯೊಳಗಿದೆ ಎಂಬುದೇ ಇದನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ ಎಂಬುದು ನನ್ನ ವಾದ.

ಹೊಳೆನರಸೀಪುರ, ಚನ್ನರಾಯಪಟ್ಟಣ ಪುರಸಭೆಗಳಿಗೂ ಅರಕಲಗೂಡು ಪಟ್ಟಣ ಪಂಚಾಯಿತಿಗೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರ 187ನೆಯ ಪ್ರಕರಣದಂತೆ ಹೊಸದಾಗಿ ಕಟ್ಟುವ, ಹೊರಮೈ ಬದಲಿಸುವ, ಇರುವ ಕಟ್ಟಡಕ್ಕೆ ಸೇರಿಸುವ ಮುನ್ನ ಲಿಖಿತ ನೋಟಿಸು ಕೊಡಬೇಕು. ಸುಣ್ಣಬಣ್ಣಕ್ಕೆ, ಒಡೆದ ನಾಲ್ಕು ಹಂಚಿಗೆ ಇದು ಬೇಡ. ಹಾಗೆಂದು ಗೋಡೆಯೊಳಗೆ ಏನು ಮಾಡಿದರೂ ನಡೆಯುತ್ತದೆ ಎನ್ನುವಂತಿಲ್ಲ. ಚರಂಡಿ, ಗಾಳಿ, ಕಟ್ಟಡದ ಭದ್ರತೆಗೆ ತಟ್ಟುವ ಒಳಗಿನ ಮಾರ್ಪಾಡನ್ನೂ ಕಾಯ್ದೆ ನಿರ್ಮಾಣವೆಂದೇ ಎಣಿಸುತ್ತದೆ. ಮಣ್ಣಿನ ಗೋಡೆ ಹಂಚಿನ ಭಾರಕ್ಕೆಂದು ಎದ್ದದ್ದು. ಅದರ ಮೇಲೆ ಕಾಂಕ್ರೀಟ್ ಹೇರುವುದನ್ನು ರಿಪೇರಿ ಎನ್ನಲು ಧೈರ್ಯ ಬೇಕು! 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಒಳಾಂಗಣದ ಕೆಲಸವನ್ನು ‘ಅಭಿವೃದ್ಧಿ’ಯಿಂದ ಹೊರಗಿಟ್ಟಿದೆ, ನಿಜ. ಆ ವಿನಾಯಿತಿ ಪುರಸಭೆಯ ಕಾಯ್ದೆಗೆ ದಾಟಿ ಬರುವುದಿಲ್ಲ.

ಕಾಯ್ದೆಯ ಈ ಎಲ್ಲೆಯೂ ಸ್ಥಿರವಲ್ಲ. ಹಾಸನ ಮಹಾನಗರಪಾಲಿಕೆಯಾಗುವುದೆಂದರೆ ಅದರೊಳಗೆ ಸೇರುವ ಹಳ್ಳಿಗಳು ಪಂಚಾಯಿತಿ ಕಾಯ್ದೆಯಿಂದ 1976ರ ಪಾಲಿಕೆ ಕಾಯ್ದೆಗೆ ದಾಟುವುದು. ಮನೆ ಕದಲದಿದ್ದರೂ ಅರ್ಜಿ ಹೋಗುವ ಕಚೇರಿ ಬದಲಾಗುತ್ತದೆ.

ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ ಎರಡು ಕಾಯ್ದೆಗಳು ಒಂದರ ಮೇಲೊಂದು ಕೂತಿವೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೆಯ ಪ್ರಕರಣದಂತೆ ಕಟ್ಟಲು, ಬದಲಿಸಲು, ಸೇರಿಸಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. 60 ದಿನದೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಆದರೆ ಊರಿನ ಹೊಯ್ಸಳರ ಲಕ್ಷ್ಮೀದೇವಿ ಗುಡಿ ಕೇಂದ್ರದ ರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಗೆ ಆದ 2010ರ ತಿದ್ದುಪಡಿಯ ನಂತರ ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮುಂಚಿನ ಮನೆಯವರು ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಮೇಲಕ್ಕಾಗಲಿ ಪಕ್ಕಕ್ಕಾಗಲಿ ಮನೆ ಬೆಳೆಸುವಂತಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ರಕ್ಷಿತ ಸ್ಮಾರಕಗಳ ಸುತ್ತಲೂ ಇದೇ ನಿಯಮ. ಪಂಚಾಯಿತಿಯ 60 ದಿನದ ಮೌನ ಪಂಚಾಯಿತಿಯ ಅನುಮತಿಗಷ್ಟೇ ಸಮ. ಆ 100 ಮೀಟರಿನೊಳಗೆ ಮೇಲಂತಸ್ತಿಗೆ ಸೆಂಟ್ರಿಂಗ್ ನಿಲ್ಲಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ.