ಹಾಳೂರಿನ ವಾರಸುದಾರರು

ಕರ್ನಾಟಕದ ಹೆಚ್ಚಿನ ನೀರು ಕೃಷ್ಣೆಗೋ ಕಾವೇರಿಗೋ ಪಡುವಣ ಕಡಲಿಗೋ ಹರಿಯುತ್ತದೆ. ಬೀದರ, ಭಾಲ್ಕಿ, ಔರಾದಗಳ ನೀರಿನ ದಾರಿ ಬೇರೆ. ಅದು ಮಾಂಜ್ರಾ ನದಿ ಹಿಡಿದು ಗೋದಾವರಿಗೆ ಸೇರುತ್ತದೆ. ಹರಪ್ಪಾ ನಾಗರಿಕತೆ ದಕ್ಷಿಣಕ್ಕೆ ಎಲ್ಲಿಯವರೆಗೆ ಇಳಿದು ಬಂತು ಎಂಬ ಪ್ರಶ್ನೆಗೆ ಉತ್ತರವೂ ಇದೇ ಗೋದಾವರಿಯ ಬಯಲಿನಲ್ಲಿದೆ. ಮಹಾರಾಷ್ಟ್ರದ ಅಂದಿನ ಅಹಮದನಗರ ಜಿಲ್ಲೆಯಲ್ಲಿ, ಗೋದಾವರಿಗೆ ಸೇರುವ ಪ್ರವರಾ ನದಿಯ ದಂಡೆಯ ದೈಮಾಬಾದಿನಲ್ಲಿ 1974ರಲ್ಲಿ ಭಿಲ್ ಸಮುದಾಯದ ಒಬ್ಬ ರೈತ ಗಿಡದ ಬೇರು ಅಗೆಯುತ್ತಿದ್ದಾಗ ನಾಲ್ಕು ಕಂಚಿನ ಬೊಂಬೆಗಳು ಸಿಕ್ಕವು: ಜೋಡೆತ್ತು ಎಳೆಯುವ ರಥ, ಕೋಣ, ಆನೆ, ಖಡ್ಗಮೃಗ. ನಾಲ್ಕರ ತೂಕ ಸೇರಿದರೆ ಅರವತ್ತು ಕಿಲೋ ದಾಟುತ್ತದೆ. ಲೋಥಲ್ ಅಗೆದು ತೋರಿಸಿದ ಕನ್ನಡಿಗ ಎಸ್. ಆರ್. ರಾವ್ ಅಲ್ಲಿ ಉತ್ಖನನ ನಡೆಸಿದರು. ಅವರ ಬಳಿಕ ಎಸ್. ಎ. ಸಾಲಿ 1979ರವರೆಗೆ ಪದರ ಪದರವಾಗಿ ಬಿಡಿಸಿ ಐದು ಸಂಸ್ಕೃತಿಗಳ ಸಾಲನ್ನು ಗುರುತಿಸಿದರು. ಅದರಲ್ಲಿ ಎರಡನೆಯದು ಉತ್ತರಕಾಲೀನ ಹರಪ್ಪಾ. ಇಲ್ಲಿ ನನಗೆ ಮುಖ್ಯವೆನಿಸುವುದು ಕ್ರಮ. ವಿದ್ವಾಂಸರು ಆ ಜಾಗವನ್ನು 1958ರಿಂದಲೇ ಬಲ್ಲರು, ಒಮ್ಮೆ ಅಗೆದೂ ಇದ್ದರು. ಆದರೆ ದೈಮಾಬಾದನ್ನು ಲೋಕಕ್ಕೆ ಪರಿಚಯಿಸಿದ ಕಂಚು ಸಿಕ್ಕಿದ್ದು ಆ ಮಣ್ಣಿನಲ್ಲೇ ದಿನಗಳೆಯುವವನ ಕೈಗೆ.

ಮಾಂಜ್ರಾ ದಂಡೆಯಲ್ಲಿ ಹರಪ್ಪಾದ ನೆಲೆ ಗುರುತಾಗಿಲ್ಲ. ಆದರೂ ಹೂತುಹೋದದ್ದನ್ನು ಊರವರೊಡನೆ ಸೇರಿ ಹೊರತೆಗೆಯುವುದೆಂದರೇನು ಎಂಬುದನ್ನು ಕಲಿಯಲು ಬೀದರಿನಷ್ಟು ಒಳ್ಳೆಯ ಜಾಗ ಕಡಿಮೆ. ನನ್ನ ವಾದ ಇಷ್ಟು: ಊರಿನ ಜನರಿಗೆ ನೆಲದಡಿಯ ಸಂಗತಿಯ ಬಗ್ಗೆ ಇರುವ ಅರಿವು, ಅವರು ಇಟ್ಟ ಹೆಸರು, ಅವರ ಬಳಕೆ ಇವೂ ಸಾಕ್ಷ್ಯದ ಒಂದು ಪದರವೇ. ಅದನ್ನು ಸಲಿಕೆ ಹಾಕುವ ಮೊದಲೇ ಓದಬೇಕು. ಅಗೆತ ಮುಗಿದ ಮೇಲೆ ಅವರನ್ನು ಕಾವಲಿಗೆ ಕರೆದರೆ ತಡವಾಗಿರುತ್ತದೆ.

ಬೀದರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ತೂತುತೂತಾದ ಆ ಕೆಂಪು ಕಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ; ಕೆಳಗಿನ ಕಪ್ಪು ಬಸಾಲ್ಟ್ ಅದನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಪರ್ಷಿಯಾದ ಕರೇಜ್ ವಿದ್ಯೆಯೂ ಜೊತೆಗೆ ಬಂತು. ಎತ್ತರದಲ್ಲಿ ಒಂದು ತಾಯಿಬಾವಿ ತೋಡಿ, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ನಡುನಡುವೆ ಗಾಳಿ ಬೆಳಕಿಗೆಂದೂ ಹೂಳು ಎತ್ತಲೆಂದೂ ನೇರ ಬಾವಿಗಳನ್ನು ಇಳಿಸುವುದು ಅದರ ರೀತಿ. ಎತ್ತು ಬೇಡ, ಏತ ಬೇಡ, ನೀರು ತಾನೇ ನಡೆದು ಬರುತ್ತದೆ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ. ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳು. ಶುಕ್ಲತೀರ್ಥ, ಜಮುನಾ ಮೋರಿ ಎಂಬ ಇನ್ನೆರಡು ಜಾಲಗಳೂ ನಗರದಲ್ಲಿವೆ. ಕೊಳವೆಬಾವಿ, ನಲ್ಲಿಗಳು ಬಂದ ಮೇಲೆ ಇವುಗಳ ಬಾಯಿಗೆ ಕಸ ಬಿತ್ತು, ಮೇಲೆ ಬಡಾವಣೆಗಳು ಎದ್ದವು. ಕೇರಳದ ಚಿತ್ತೂರು ಸರಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಈ ಸುರಂಗಗಳ ನಕ್ಷೆ ತಯಾರಿಸಿದರು. ಬೀದರಿನ ಯುವಾ ತಂಡದ ಸ್ವಯಂಸೇವಕರು ಅವರಿಗೆ ಜೊತೆಯಾದರು. ಅನುರಾಗ್ ತಿವಾರಿ ಜಿಲ್ಲಾಧಿಕಾರಿಯಾಗಿದ್ದಾಗ, ಬರ ಬಿದ್ದ ಕಾಲದಲ್ಲಿ, ಜಿಲ್ಲೆಯ ಹಳೆಯ ಬಾವಿ ಕೆರೆಗಳ ಹೂಳು ತೆಗೆಯುವ ಕೆಲಸ ಊರವರ ಕೈಜೋಡಣೆಯಿಂದ ದೊಡ್ಡದಾಗಿ ನಡೆಯಿತು. ವಿಶ್ವ ಸ್ಮಾರಕ ನಿಧಿ ದಖ್ಖನಿನ ಪ್ರಾಚೀನ ಜಲವ್ಯವಸ್ಥೆಗಳನ್ನು ತನ್ನ 2020ರ ನಿಗಾ ಪಟ್ಟಿಗೆ ಸೇರಿಸಿಕೊಂಡಿತು. ಪತ್ರಿಕೆಗಳು ಇದನ್ನೆಲ್ಲ ಕರೇಜಿನ ಮರುಶೋಧ ಎಂದು ಬರೆದವು. ಆ ಮಾತನ್ನು ನಾನು ಒಪ್ಪುವುದಿಲ್ಲ. ಬೀದರಿನ ಜನ ಅದನ್ನು ಸುರಂಗ ಬಾವಿ ಎಂದು ಕರೆಯುತ್ತಲೇ ಬಂದಿದ್ದರು. ಹೆಸರು ಬದುಕಿರುವ ವಸ್ತುವನ್ನು ಕಳೆದುಹೋಗಿತ್ತು ಎನ್ನಲು ಹೇಗೆ ಬರುತ್ತದೆ?

ಕಳೆದುಹೋಗದೆ ಉಳಿದವುಗಳನ್ನು ನೋಡಿದರೆ ಕಾರಣವೂ ತಿಳಿಯುತ್ತದೆ. ಝರಣಿ ನರಸಿಂಹ ದೇವಸ್ಥಾನವೂ ಜಂಬಿಟ್ಟಿಗೆಯಲ್ಲಿ ಕೊರೆದ ಸುರಂಗವೇ. ಸುಮಾರು ಮುನ್ನೂರು ಮೀಟರು ಎದೆಮಟ್ಟದ ನೀರಿನಲ್ಲಿ ನಡೆದು ಭಕ್ತರು ದೇವರ ಮುಂದೆ ನಿಲ್ಲುತ್ತಾರೆ. ದಿನವೂ ಜನ ಇಳಿಯುವ ಸುರಂಗದ ಬಾಯಿಗೆ ಕಟ್ಟಡದ ಮಣ್ಣು ಸುರಿಯುವ ಧೈರ್ಯ ಯಾರಿಗೂ ಬರುವುದಿಲ್ಲ. ಗುರುನಾನಕ ಝೀರಾದ ಚಿಲುಮೆಯೂ ಹಾಗೆಯೇ ಉಳಿಯಿತು. ಬೀದರ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ವಲಿಯ ಗೋರಿ ಇದೆ. ಲಿಂಗಾಯತರು ಆತನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ, ಉರುಸಿಗೆ ಮಾಡಿಯಾಳದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಸುಲ್ತಾನನ ವಂಶ ಅಳಿದು ಐನೂರು ವರ್ಷ ಸಮೀಪಿಸುತ್ತಿದೆ, ಆದರೂ ಆ ಗೋರಿಯನ್ನು ತಮ್ಮದೆನ್ನುವ ಜನ ಮುಗಿದಿಲ್ಲ. ಕಲ್ಲಿಗಷ್ಟೇ ಈ ಮಾತು ಎಂದಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಸರಕಾರಕ್ಕೆ ಬೇಡವಾದದ್ದನ್ನೂ ಊರೊಂದು ಉಳಿಸಿಕೊಳ್ಳಬಲ್ಲದು ಎಂಬುದಕ್ಕೆ ಈ ಜಿಲ್ಲೆ ಹೊರಗಿನ ಉದಾಹರಣೆ ಹುಡುಕಬೇಕಾಗಿಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ, ಜನರ ಅರಿವು ಕಟ್ಟುಕತೆ ಎಂಬುದು. ಬಳ್ಳಾರಿ ಕಡೆಯ ಕುಡತಿನಿಯ ಬೂದಿದಿಬ್ಬವನ್ನು ಭೀಮ ಕೊಂದ ಹಿಡಿಂಬನ ಚಿತೆಯ ಬೂದಿ ಎನ್ನುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಅದು ಸುಟ್ಟ ಸಗಣಿ ಎಂದು ಊಹಿಸಿದರು, ಎಫ್. ಆರ್. ಆಲ್ಚಿನ್ ಉಟ್ನೂರಿನ ಅಗೆತದಿಂದ ಅದನ್ನು ಗಟ್ಟಿಮಾಡಿದರು, ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ದನದ ದೊಡ್ಡಿಯ ಪಕ್ಕದ ನವಶಿಲಾಯುಗದ ಇಡೀ ವಸತಿಯನ್ನೇ ಬಿಡಿಸಿ ಇಟ್ಟರು. ಕತೆ ತಪ್ಪು, ಸರಿ. ಆದರೆ ಇದು ಮಾಮೂಲು ಗುಡ್ಡವಲ್ಲ, ಇಲ್ಲಿ ಹಿಂದೆಂದೋ ದೊಡ್ಡ ಬೆಂಕಿ ಉರಿದಿತ್ತು ಎಂಬುದನ್ನು ಆ ಕತೆ ಬಿಡದೆ ಹೇಳುತ್ತಿತ್ತು. ಜಾಗವನ್ನು ಗುರುತಿಸುವುದು ಊರು, ಕಾಲವನ್ನು ಗೊತ್ತುಮಾಡುವುದು ವಿಜ್ಞಾನ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಎರಡನೆಯ ಆಕ್ಷೇಪ ಹೆಚ್ಚು ಭಾರದ್ದು. ಜನರೇ ತಾನೆ ದಿಬ್ಬಗಳನ್ನು ಹಾಳುಮಾಡುವವರು? ಬೂದಿಮಣ್ಣನ್ನು ಗೊಬ್ಬರಕ್ಕೆಂದು ಹೊಲಕ್ಕೆ ಸಾಗಿಸಿದ್ದು ನಿಜ. ಹರಿಯಾಣದ ರಾಖಿಗಢಿಯಲ್ಲಿ ಹರಪ್ಪಾದ ದಿಬ್ಬಗಳ ಮೇಲೆಯೇ ಮನೆಗಳಿರುವುದೂ ನಿಜ. ಆದರೆ ಹರಪ್ಪಾ ನಗರಕ್ಕೇ ಆದ ಅತಿ ದೊಡ್ಡ ನಾಶವನ್ನು ನೆನೆಯೋಣ: ಲಾಹೋರ್–ಮುಲ್ತಾನ್ ರೈಲುಮಾರ್ಗಕ್ಕೆ ಅದರ ಇಟ್ಟಿಗೆಗಳನ್ನು ಹೊತ್ತು ಹಾಕಿದರು, ಸುಮಾರು ನೂರು ಮೈಲಿ ದಾರಿಗೆ ಅವು ಸಾಕಾದವು ಎಂದು ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ದಾಖಲಿಸಿದ್ದಾರೆ. ಅದು ರೈಲು ಗುತ್ತಿಗೆದಾರರ ಕೆಲಸ. ರೈತ ಬುಟ್ಟಿಯಲ್ಲಿ ಒಯ್ದದ್ದನ್ನೂ ರೈಲು ಒಯ್ದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇನ್ನು ಕಾನೂನು: ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಕಟ್ಟಡ ಕಟ್ಟಲು ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ನಿಷೇಧಿತ, ಆಚೆಯ ಇನ್ನೂರು ಮೀಟರು ನಿಯಂತ್ರಿತ. ನಿಯಮ ಬೇಕು. ಆದರೆ ತನ್ನ ಗೋಡೆ ಬಿರುಕು ಬಿಟ್ಟರೂ ಕಚೇರಿ ಸುತ್ತಬೇಕಾದ ಮನೆಯವನಿಗೆ ಹೊಲದಲ್ಲಿ ಮಡಕೆಚೂರು ಸಿಕ್ಕರೆ ಅದನ್ನು ತೋರಿಸಲು ಮನಸ್ಸು ಬರುವುದೇ? ಅವನು ಅದನ್ನು ಮತ್ತೆ ಮಣ್ಣಿಗೆ ತಳ್ಳುತ್ತಾನೆ. ಭಯದಿಂದ ಬಚ್ಚಿಟ್ಟ ಪದರ ನಾಶವಾದ ಪದರಕ್ಕೆ ಸಮ.

ಮೂರನೆಯದನ್ನು ನಾನೇ ಎತ್ತಬೇಕು, ಏಕೆಂದರೆ ಅದು ನನ್ನ ವಾದದ ನಿಜವಾದ ದುರ್ಬಲ ಜಾಗ. ದೈಮಾಬಾದಿನ ಕಂಚುಗಳು ಪದರದ ಸಂದರ್ಭ ತಿಳಿಯುವ ಮೊದಲೇ ಮೇಲೆ ಬಂದವು, ಆದ್ದರಿಂದಲೇ ಅವುಗಳ ಕಾಲದ ಬಗ್ಗೆ ಡಿ. ಪಿ. ಅಗ್ರವಾಲರಂಥ ವಿಜ್ಞಾನಿಗಳು ಲೋಹದಲ್ಲಿನ ಆರ್ಸೆನಿಕ್ ಪ್ರಮಾಣ ತೋರಿಸಿ ಸಂದೇಹ ಎತ್ತಿದರು. ಕರೇಜಿನಲ್ಲೂ ಅದೇ ಅಪಾಯವಿದೆ. ನೀರಿನ ಅವಸರದಲ್ಲಿ ಹೂಳನ್ನು ಎತ್ತಿ ಎಸೆದರೆ, ಐದು ಶತಮಾನಗಳಿಂದ ಗಾಳಿಬಾವಿಗೆ ಬಿದ್ದ ಹೂಜಿಯ ಚೂರು, ನಾಣ್ಯ, ಬೀಜ ಎಲ್ಲವೂ ಕ್ರಮ ಕಳೆದುಕೊಳ್ಳುತ್ತವೆ. ಹೂಳೇ ಅಲ್ಲಿಯ ಗ್ರಂಥ. ಊರವರ ಕೈ ಇದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಎಷ್ಟು ಆಳದ ಹೂಳು ಯಾವ ಬುಟ್ಟಿಯಲ್ಲಿ ಬಂತು ಎಂದು ಗುರುತು ಹಾಕುವುದನ್ನು ಅದೇ ಕೈಗಳಿಗೆ ಕಲಿಸಬೇಕು ಎನ್ನುತ್ತಿದ್ದೇನೆ. ಅದು ಕಷ್ಟದ ವಿದ್ಯೆ ಅಲ್ಲ. ನಮ್ಮ ದೇಶದ ಹೆಚ್ಚಿನ ಉತ್ಖನನಗಳಲ್ಲಿ ಮಣ್ಣು ಎತ್ತಿದವರು ಸುತ್ತಲಿನ ಹಳ್ಳಿಯ ಕೂಲಿಗಳೇ, ಮಣ್ಣಿನ ಬಣ್ಣ ಬದಲಾದದ್ದನ್ನು ಅವರ ಕಣ್ಣು ಬೇಗ ಹಿಡಿಯುತ್ತದೆ.

ಭಾಲ್ಕಿ, ಔರಾದಗಳ ಹಳ್ಳಿಗಳಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಭಾಷೆಯೇ ತೋರಿಸುತ್ತದೆ. ಗಡಿಯ ಮರಾಠಿ ಮಾತಿನಲ್ಲಿ ಉಳುವ ಕಪ್ಪು ನೆಲ ಕಾಳಿ, ಜನ ಬಾಳಿದ ಬಿಳಿಚು ಮಣ್ಣು ಪಾಂಢರಿ. ಬೂದಿ, ಸಗಣಿ, ಗೋಡೆಯ ಮಣ್ಣು ಕೂಡಿ ನೂರಾರು ವರ್ಷದಲ್ಲಿ ಆ ಬಣ್ಣ ಬಂದಿರುತ್ತದೆ. ದಖ್ಖನಿನ ತಾಮ್ರಶಿಲಾಯುಗದ ನೆಲೆಗಳನ್ನು ಹುಡುಕುವವರು ನೋಡುವುದೂ ಅದನ್ನೇ. ಜನ ಬಿಟ್ಟುಹೋದ ಅಂಥ ನೆಲೆ ಕನ್ನಡದಲ್ಲಿ ಹಾಳೂರು. ಕಂದಾಯ ದಾಖಲೆಯಲ್ಲಿ ಅದಕ್ಕೆ ಬೇಚರಾಕ್ ಗ್ರಾಮ ಎಂಬ ಹೆಸರಿದೆ, ಪಾರ್ಸಿಯಲ್ಲಿ ದೀಪವಿಲ್ಲದ ಊರು ಎಂದರ್ಥ. ಜನ ಬಿಟ್ಟುಹೋದ ಮೇಲೂ ಎಲ್ಲೆ, ಸರ್ವೆ ನಂಬರು, ಹೆಸರು ಉಳಿದ ಊರುಗಳು ಇವು. ತಾಲೂಕು ಕಚೇರಿಯ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮಾಂಜ್ರಾ ದಂಡೆಯ ಒಂದೊಂದು ಹಳ್ಳಿಯಲ್ಲೂ ಪಾಂಢರಿ ಮಣ್ಣು ಎಲ್ಲಿದೆ, ಅಲ್ಲಿ ಯಾವ ದೇವರಿಗೆ ವರ್ಷಕ್ಕೊಮ್ಮೆ ಎಡೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಲು ಗುದ್ದಲಿಯೂ ಬೇಡ, ಪರವಾನಗಿಯೂ ಬೇಡ. ಆ ದಿಬ್ಬಗಳ ಮೇಲೆ ಸೋಯಾ, ತೊಗರಿ ಬಿತ್ತುವವರು ಈಗ ಟ್ರ್ಯಾಕ್ಟರಿನಲ್ಲಿ ಉಳುತ್ತಾರೆ. ಎತ್ತಿನ ನೇಗಿಲು ಮುಟ್ಟದ ಆಳವನ್ನು ಅದು ಪ್ರತಿ ಮುಂಗಾರಿಗೂ ಮುಟ್ಟುತ್ತಿದೆ.