ಮೂರನೆಯ ಒರೆ, ನಾಲ್ಕನೆಯ ಒರೆ: ಸ್ಪೆಕ್ಟ್ರಮ್ ಮತ್ತು ಬಿಬಿಸಿ ಗಣಕಗಳ ತುಲನೆಯಲ್ಲೊಂದು ಪಾಠವಿಚಾರ

ಅಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೊವನ್ನೂ ಸಿಂಕ್ಲೇರ್ ಸಂಸ್ಥೆಯ ಸ್ಪೆಕ್ಟ್ರಮ್ಮನ್ನೂ ಎದುರುಬದುರು ನಿಲ್ಲಿಸಿ ತಾರತಮ್ಯವನ್ನು ನಿರ್ಣಯಿಸಹೊರಟವರು ವಾಡಿಕೆಯಾಗಿ ಮುಂದಿಡುವ ಸಾಕ್ಷ್ಯವೆಂದರೆ, ರಗ್ ಮತ್ತು ಫೆಲ್ಡ್‌ಮನ್ ಎಂಬಿಬ್ಬರು 1977ರ ಜೂನ್ ತಿಂಗಳ ಕಿಲೊಬಾಡ್ ಪತ್ರಿಕೆಯಲ್ಲಿ ಪ್ರಕಟಿಸಿದ, ಅನಂತರ ಪರ್ಸನಲ್ ಕಂಪ್ಯೂಟರ್ ವರ್ಲ್ಡ್ ಪತ್ರಿಕೆಯು ಎಂಟನೆಯದೊಂದನ್ನು ಸೇರಿಸಿ ತನ್ನದಾಗಿಸಿಕೊಂಡ, ಏಳು ಪುಟ್ಟ ಬೇಸಿಕ್ ಪ್ರೋಗ್ರಾಮುಗಳ, ಅಂದರೆ ವೇಗವನ್ನು ತಿಕ್ಕಿ ನೋಡುವ ಒರೆಗಳ, ಕಾಲಪಟ್ಟಿ. ಏಳನೆಯ ಒರೆಯಲ್ಲಿ ಬಿಬಿಸಿಗೆ ಸುಮಾರು 21 ಸೆಕೆಂಡು, ಸ್ಪೆಕ್ಟ್ರಮ್ಮಿಗೆ ಸುಮಾರು 80. ಇಷ್ಟನ್ನು ಉದ್ಧರಿಸಿ, ಒಂದು ಯಂತ್ರವು ಇನ್ನೊಂದರ ನಾಲ್ಮಡಿ ವೇಗದ್ದೆಂದು ತೀರ್ಪಿತ್ತು ಕೈತೊಳೆದುಕೊಳ್ಳುವುದು ಸಂಪ್ರದಾಯವಾಗಿಬಿಟ್ಟಿದೆ. (ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯ ಮೂಲಕ ಶಾಲೆಗಳನ್ನು ಹೊಕ್ಕಿದ್ದು ಬಿಬಿಸಿ ಯಂತ್ರವೇ ಆದುದರಿಂದ, ಆ ತಲೆಮಾರಿನವನಾದ ನನಗೆ ಅದರ ಮೇಲೆ ಮಮತೆ ಹೆಚ್ಚೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ.)

ಈ ಲೇಖನಕ್ಕೆ ಪ್ರೇರಣೆಯಾದುದು ಏಳನೆಯ ಒರೆಯಲ್ಲ, ಮೂರನೆಯದೂ ನಾಲ್ಕನೆಯದೂ. ನನ್ನ ಹಿರಿಯ ಮಿತ್ರರೊಬ್ಬರ ಬಳಿಯಿದ್ದ ಆ ಪಟ್ಟಿಯ ಪ್ರತಿಯಲ್ಲಿ ಸ್ಪೆಕ್ಟ್ರಮ್ಮಿನ ಸಾಲಿನ ಈ ಎರಡು ಅಂಕಿಗಳನ್ನು, 21.1 ಮತ್ತು 20.4 ಎಂದಿದ್ದುದನ್ನು, ಪೆನ್ಸಿಲಿನಿಂದ ಅದಲುಬದಲು ಮಾಡಿ, ಅಂಚಿನಲ್ಲಿ ‘ಅಚ್ಚಿನ ದೋಷ’ ಎಂದು ಬರೆದಿತ್ತು. ಒರೆಗಳು ಒಂದಕ್ಕಿಂತ ಒಂದು ಭಾರವಾಗುತ್ತ ಹೋಗಬೇಕಷ್ಟೆ, ಬಿಬಿಸಿಯ ಸಾಲಿನಲ್ಲಿ 8.1ರ ಮುಂದೆ 8.7 ಇರುವಂತೆ ಇಲ್ಲಿಯೂ ಏರಿಕೆಯೇ ಇರಬೇಕು, ಎಂಬುದು ಅವರ ತರ್ಕ. ಓಲೆಗರಿಗಳಲ್ಲಿ ಕ್ಲಿಷ್ಟಪಾಠವನ್ನು ಕಂಡೊಡನೆ ಲಿಪಿಕಾರನ ಪ್ರಮಾದವೆಂದು ತಿದ್ದಿ, ಕವಿಯ ಮಾತನ್ನೇ ಕಳೆದುಬಿಡುವ ಸಂಪಾದಕರ ಆತುರ ಇಲ್ಲಿಯೂ ಕಾಣುತ್ತದೆ.

ಎರಡು ಒರೆಗಳಿಗೂ ಇರುವ ಭೇದವೇನೆಂಬುದನ್ನು ನೋಡೋಣ. ಎರಡರಲ್ಲಿಯೂ ಸಾವಿರ ಸುತ್ತುಗಳು. ಪ್ರತಿ ಸುತ್ತಿನಲ್ಲಿಯೂ ಒಂದು ಭಾಗಾಕಾರ, ಒಂದು ಗುಣಾಕಾರ, ಒಂದು ಸಂಕಲನ, ಒಂದು ವ್ಯವಕಲನ. ಮೂರನೆಯದರಲ್ಲಿ ಕೆ ಎಂಬ ಚರಾಂಕವನ್ನು ಅದೇ ಕೆ ಇಂದಲೇ ಭಾಗಿಸಿ, ಗುಣಿಸಿ, ಕೂಡಿ ಕಳೆಯುವುದು. ನಾಲ್ಕನೆಯದರಲ್ಲಿ ಆ ಕೆ ಗಳ ಸ್ಥಾನದಲ್ಲಿ 2, 3, 4, 5 ಎಂಬ ಸ್ಥಿರಾಂಕಗಳು. ಬಿಬಿಸಿಯ ಬೇಸಿಕ್ಕಾಗಲಿ ಆ ಕಾಲದ ಹಲವು ಮೈಕ್ರೊಸಾಫ್ಟ್ ಬೇಸಿಕ್ಕುಗಳಾಗಲಿ, ಸಾಲಿನಲ್ಲಿ ಅಕ್ಷರರೂಪವಾಗಿ ಬರೆದಿರುವ ಅಂಕಿಯನ್ನು ಸಿಕ್ಕಿದಾಗಲೆಲ್ಲ ಹೊಸದಾಗಿ ಓದಿ, ಗಣನೆಗೆ ಬೇಕಾದ ದ್ವಿಮಾನರೂಪಕ್ಕೆ ಪರಿವರ್ತಿಸಿಕೊಳ್ಳುತ್ತವೆ. ಸಾವಿರ ಸುತ್ತಾದರೆ ಸಾವಿರ ಸಲವೂ ಅದೇ ಪರಿಶ್ರಮ. ಸಿಂಕ್ಲೇರ್ ಬೇಸಿಕ್ಕಿನ ಪದ್ಧತಿಯೇ ಬೇರೆ. ಸಾಲನ್ನು ಒಪ್ಪಿಸಿಕೊಳ್ಳುವ ಗಳಿಗೆಯಲ್ಲಿಯೇ ಅದು ಪ್ರತಿಯೊಂದು ಅಂಕಿಯ ಬೆನ್ನಿಗೂ ಒಂದು ಸಂಕೇತಬೈಟನ್ನೂ ಐದು ಬೈಟುಗಳ ದ್ವಿಮಾನರೂಪವನ್ನೂ ಗುಪ್ತವಾಗಿ ಸೇರಿಸಿಡುತ್ತದೆ. ಪರದೆಯ ಮೇಲೆ ಅದು ಕಾಣುವುದಿಲ್ಲ, ಪ್ರೋಗ್ರಾಮು ಓಡುವಾಗ ಮಾತ್ರ ಸಿದ್ಧಾನ್ನದಂತೆ ಒದಗುತ್ತದೆ. ಆದುದರಿಂದ ಸ್ಪೆಕ್ಟ್ರಮ್ಮಿಗೆ ಚರಾಂಕವೊಂದನ್ನು ಹುಡುಕಿ ತರುವುದಕ್ಕಿಂತ ಸ್ಥಿರಾಂಕವನ್ನು ಎತ್ತಿಕೊಳ್ಳುವುದೇ ಸುಲಭ. ನಾಲ್ಕನೆಯ ಒರೆ ಮೂರನೆಯದಕ್ಕಿಂತ ಬೇಗ ಮುಗಿಯುವುದೇ ಅಲ್ಲಿ ಸಹಜ.

ಎರಡು ಒರೆಗಳಲ್ಲಿಯೂ ಗಣಿಸಲ್ಪಡುವ ಸಂಖ್ಯೆಗಳು ಒಂದೇ ಅಲ್ಲವಾದುದರಿಂದ ಕಾಲಭೇದವು ಅಂಕಗಣಿತದಿಂದಲೇ ಹುಟ್ಟಿರಬಹುದಲ್ಲವೆ, ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಲಾರೆ. ಸ್ಪೆಕ್ಟ್ರಮ್ಮು ಸಣ್ಣ ಪೂರ್ಣಾಂಕಗಳಿಗೆ ಬೇರೊಂದು ಹಗುರವಾದ ರೂಪವನ್ನು ಇಟ್ಟುಕೊಂಡಿರುವುದರಿಂದ ಆಕ್ಷೇಪಕ್ಕೆ ಬಲವೂ ಉಂಟು. ಆದರೆ ಅದರ ಅಣ್ಣನಾದ 1981ರ ಝಡ್‌ಎಕ್ಸ್81ರಲ್ಲಿ ಅಂಥ ರೂಪವೇ ಇಲ್ಲ, ಗುಪ್ತ ಬೈಟುಗಳು ಮಾತ್ರ ಇವೆ. ಅಲ್ಲಿಯೂ ಅಂಕಿಗಳು 16.4 ಮತ್ತು 15.8, ಅಂದರೆ ಇಳಿಕೆಯೇ. ಪರಸ್ಪರ ಸ್ವತಂತ್ರವಾದ ಎರಡು ಪ್ರತಿಗಳಲ್ಲಿ ಒಂದೇ ವಿಪರ್ಯಾಸ ಕಂಡುಬಂದರೆ ಅದು ಪ್ರಮಾದವಲ್ಲ, ಮೂಲಪಾಠ. ಇದೇ ಝಡ್‌ಎಕ್ಸ್81, ಪರದೆಯನ್ನು ನಂದಿಸಿದ ತನ್ನ ‘ಫಾಸ್ಟ್’ ಸ್ಥಿತಿಯಲ್ಲಿ, 3.25 ಮೆಗಾಹರ್ಟ್ಸಿನ ಗಡಿಯಾರದಿಂದಲೇ 3.5ರ ಸ್ಪೆಕ್ಟ್ರಮ್ಮನ್ನು ಹಿಂದೆ ಹಾಕುತ್ತದೆಂಬುದನ್ನೂ, 2 ಮೆಗಾಹರ್ಟ್ಸಿನ ಬಿಬಿಸಿ ಇವೆರಡನ್ನೂ ಮೀರುತ್ತದೆಂಬುದನ್ನೂ, ಗಡಿಯಾರದ ಅಂಕಿಯನ್ನೇ ಜಪಿಸುವವರು ಒಮ್ಮೆ ಮನನ ಮಾಡತಕ್ಕದ್ದು.

ಹಾಗಾದರೆ ಈ ಪಟ್ಟಿ ಅಳೆಯುವುದೇನನ್ನು? ಯಂತ್ರವನ್ನಲ್ಲ, ಯಂತ್ರದೊಳಗೆ ಕುಳಿತ ಬೇಸಿಕ್ ವ್ಯಾಖ್ಯಾನಕಾರನನ್ನು. ಒಂದೇ ಆಪಲ್ ಯಂತ್ರವು ಇಂಟಿಜರ್ ಬೇಸಿಕ್ಕಿನಲ್ಲಿ ಒಂದು ವೇಗವನ್ನೂ ಆಪಲ್‌ಸಾಫ್ಟಿನಲ್ಲಿ ಇನ್ನೊಂದನ್ನೂ ತೋರುವುದು ಇದರಿಂದಲೇ. ಸೋಫಿ ವಿಲ್ಸನ್ ಬರೆದ ಬಿಬಿಸಿ ಬೇಸಿಕ್ಕಿಗೆ 16 ಕೆ ಸ್ಥಿರಸ್ಮೃತಿ ತನಗಾಗಿಯೇ ಇದ್ದು, ಯಂತ್ರದ ಮೇಲ್ವಿಚಾರಣೆಗೆ ಬೇರೆ 16 ಕೆ ಇತ್ತು; ಸ್ಟೀವ್ ವಿಕರ್ಸ್ ಸ್ಪೆಕ್ಟ್ರಮ್ಮಿನ ಸಮಸ್ತವನ್ನೂ ಒಂದೇ 16 ಕೆ ಯಲ್ಲಿ ಅಡಗಿಸಬೇಕಾಯಿತು. ಒಂದರ ಬೆಲೆ 399 ಪೌಂಡು, ಇನ್ನೊಂದರದು 175. ಈ ಅಂಕಿಗಳನ್ನು ಬಿಟ್ಟು 21 ಮತ್ತು 80ನ್ನು ಮಾತ್ರ ಉದ್ಧರಿಸುವುದು ಚರಿತ್ರೆಯಲ್ಲ, ವಕೀಲಿಕೆ. (ನಾನು ಬಿಬಿಸಿಯ ಪಕ್ಷದವನಾಗಿಯೂ ಇದನ್ನು ಹೇಳುತ್ತಿದ್ದೇನೆ.)

ಗುಪ್ತ ಬೈಟುಗಳ ಕಥೆಗೆ ಉತ್ತರಾರ್ಧವೊಂದುಂಟು. ಅದಕ್ಕೆ ಆಕರ, ಓದುಗರು ಕೈಯಾರೆ ಕೀಲಿಸಿಕೊಳ್ಳಲೆಂದು ಪತ್ರಿಕೆಗಳು ಅಚ್ಚು ಹಾಕುತ್ತಿದ್ದ ಪ್ರೋಗ್ರಾಮುಗಳು. ಕಸವೆಂದು ಚರಿತ್ರಕಾರರು ದಾಟಿಹೋದ ಆ ಪುಟಗಳಲ್ಲಿ ಸೊನ್ನೆ ಬರಬೇಕಾದಲ್ಲಿ ‘ನಾಟ್ ಪೈ’ ಎಂದೂ, ಇತರ ಅಂಕಿಗಳ ಹಿಂದೆ ‘ವ್ಯಾಲ್’ ಎಂದೂ ಬರೆದಿರುವುದು ಕಾಣುತ್ತದೆ. ಪೈ ಸೊನ್ನೆಯಲ್ಲವಾದುದರಿಂದ ಅದರ ನಿಷೇಧ ಸೊನ್ನೆ. ನೇರವಾಗಿ 0 ಎಂದು ಬರೆದರೆ ಗುಪ್ತರೂಪವೂ ಸೇರಿ ಏಳು ಬೈಟು; ‘ನಾಟ್ ಪೈ’ ಎಂದರೆ ಎರಡೇ ಬೈಟು, ಕಾಲ ಮಾತ್ರ ಹೆಚ್ಚು. ಶಿಲ್ಪಿಗಳು ಸ್ಮೃತಿಯನ್ನು ವ್ಯಯಿಸಿ ಕಾಲವನ್ನು ಗಳಿಸಿದ್ದರೆ, 1 ಕೆ ಸ್ಮೃತಿಯ ಝಡ್‌ಎಕ್ಸ್81ರೊಡನೆ ಹೆಣಗಿದ ಬಳಕೆದಾರರು ಆ ಕಾಲವನ್ನೇ ಮರಳಿ ತೆತ್ತು ಸ್ಮೃತಿಯನ್ನು ಬಿಡಿಸಿಕೊಂಡರು. ಮೂರನೆಯ ಮತ್ತು ನಾಲ್ಕನೆಯ ಒರೆಗಳ ನಡುವೆ ಸಿಂಕ್ಲೇರ್ ಯಂತ್ರ ಉಳಿಸಿದ ಅರೆ ಚಿಲ್ಲರೆ ಸೆಕೆಂಡನ್ನು ನನ್ನ ಮಿತ್ರರು ಪೆನ್ಸಿಲಿನಿಂದ ಅಳಿಸಿದರು. ಆ ಯಂತ್ರವನ್ನು ಕೊಂಡ ಬಡಪಾಯಿಗಳು ಅದಕ್ಕೆ ಬಹಳ ಮೊದಲೇ, ಐದೈದು ಬೈಟಿನ ಲಾಭಕ್ಕಾಗಿ, ತಿಳಿದೂ ತಿಳಿದೂ ಆ ಅರೆ ಸೆಕೆಂಡನ್ನು ಮಾರಿಕೊಂಡಿದ್ದರು.